ಕಿವಿಗೆ ಬಿದ್ದ ಪದ್ಯ

(ಚಳ್ಳಕೆರೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪೋಷಕರು, ಶಿಕ್ಷಕರು, ಮಕ್ಕಳ ಮುಂದೆ, ಪದ್ಯ ಕತೆ ಯಾಕೆ ಓದಬೇಕು ಅಂತ ಆಡಿದ ಮಾತುಗಳ ಬರಹ ರೂಪ. ಅವತ್ತು ಹೇಳಲು ಮರೆತ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.)

ಮಾತು ಶುರು ಮಾಡುವ ಮುಂಚೆ ಒಂದು ಸಾಲು ಹೇಳುತ್ತೇನೆ. ಮುಂದಿನದು ಗೊತ್ತಿದ್ದವರು ಹೇಳಿ.

"ನಾಗರ ಹಾವೆ, ಹಾವೊಳು ಹೂವೆ, ಬಾಗಿಲ ಬಿಲದಲಿ ನಿನ್ನಯ ಠಾವೆ? ಕೈಗಳ ಮುಗಿವೆ, ಹಾಲನ್ನೀವೆ..."

ನೋಡಿದಿರಾ? ಹಿಂದೆ ಕಂಬಕ್ಕೆ ಒರಗಿ ಕೂತಿರುವ ಹಿರಿಯರೂ "ಬಾ ಬಾ ಬಾ ಬಾ" ಅಂದರು. ಅವರಿಗೆ ಅರವತ್ತರ ಮೇಲಾಗಿದೆ. ಇದನ್ನು ಕಲಿತು ಐವತ್ತು ವರ್ಷವೇ ಆಗಿರಬೇಕು. ಯಜಮಾನರೇ, ಅದೇ ಪುಸ್ತಕದ ಬೇರೆ ಪಾಠದ ಒಂದು ಪ್ರಶ್ನೆ, ಅದರ ಉತ್ತರ ನೆನಪಿದೆಯಾ? ಇಲ್ಲ ಅಲ್ವಾ. ಯಾರಿಗೂ ಇರಲ್ಲ. ಪದ್ಯ ಮಾತ್ರ ಉಳಿದಿದೆ. ನೀವು ಅದನ್ನು ಕಾಪಾಡಿಕೊಂಡು ಬಂದದ್ದೇನೂ ಅಲ್ಲ. ಅದೇ ನಿಮ್ಮನ್ನು ಬಿಟ್ಟು ಹೋಗಲಿಲ್ಲ.

ಈ ಪದ್ಯದ ಮುಂದೆ ಇನ್ನೊಂದು ಸ್ವಲ್ಪ ಹೊತ್ತು ನಿಲ್ಲೋಣ. "ಹಾವೆ" ಅಂದ ಕವಿ ಮರುಗಳಿಗೆಯಲ್ಲೇ "ಹೂವೆ" ಅನ್ನುತ್ತಾರೆ. ಬದಲಾದದ್ದು ಒಂದೇ ಒಂದು ಸ್ವರ. "ಹಾ" ಇದ್ದದ್ದು "ಹೂ" ಆಯಿತು. ಹಾವು ಹೂವಾಯಿತು! ನಮ್ಮ ಮಕ್ಕಳು ಹಾವು ಕಾಣದವರಲ್ಲ. ಕಡ್ಲೆಕಾಯಿ ಬಳ್ಳಿಯ ಬಣವೆಯಲ್ಲಿ ಕಂಡಿದ್ದಾರೆ, ಕೋಲು ತರಲು ಓಡಿದ್ದಾರೆ. ಅಂಥ ಮಗುವಿನ ಬಾಯಲ್ಲಿ ಹಾವಿಗೆ ಹೂವು ಅನ್ನಿಸುವುದು ಸಣ್ಣ ಕೆಲಸವಲ್ಲ. ಹೆದರಿಕೆ ಹೋಗುವುದಿಲ್ಲ. ಹೆದರಿಕೆಯ ಪಕ್ಕದಲ್ಲಿ ಚೆಲುವು ಬಂದು ಕೂರುತ್ತದೆ. ಎರಡೂ ಒಟ್ಟಿಗೆ ಇರಬಹುದು ಅಂತ ಏಳೆಂಟು ವರ್ಷದ ಮಗುವಿಗೆ ಯಾರೂ ವಿವರಿಸದೆ ಗೊತ್ತಾಗಿಬಿಡುತ್ತದೆ.

ಆಮೇಲೆ ನಡೆಯುವುದನ್ನು ನೋಡಿ. ಮೊದಲು ಕೈಮುಗಿದು "ಬಾ ಬಾ" ಅಂತ ಕರೆದಾಯಿತು. ಮುಂದೆ, ನಿನ್ನ ತಲೆಯಲ್ಲಿ ರತ್ನ ಇದೆಯಂತೆ ನಿಜವಾ ಅಂತ ಕೇಳಿ, ಬಡವನಿಗೆ ಕೊಪ್ಪರಿಗೆ ಚಿನ್ನ "ತಾ ತಾ" ಅನ್ನುತ್ತದೆ ಪದ್ಯ. ಕೊನೆಗೆ? "ಬರಿಮೈ ತಣ್ಣಗೆ, ಮನದಲಿ ಬಿಸಿ ಹಗೆ" ಅಂತ ಹೇಳಿ "ಪೋ ಪೋ" ಅಂತ ಹೊರಗೆ ಕಳಿಸುತ್ತದೆ. ಬಾ, ತಾ, ಪೋ. ಮನುಷ್ಯ ದೇವರ ಹತ್ತಿರ, ದೊಡ್ಡವರ ಹತ್ತಿರ, ನೆಂಟರ ಹತ್ತಿರ ನಡೆದುಕೊಳ್ಳುವ ರೀತಿಯೆಲ್ಲ ಈ ಮೂರು ಅಕ್ಷರದಲ್ಲಿದೆ. ಮೈ ತಣ್ಣಗಿದ್ದು ಮನಸ್ಸಿನಲ್ಲಿ ಹಗೆ ಬಿಸಿಯಾಗಿರೋದು ಅಂದರೇನು ಅಂತ ನಾನೊಮ್ಮೆ ಎಂಟನೇ ಕ್ಲಾಸಿನಲ್ಲಿ ಕೇಳಿದ್ದೆ. ಒಬ್ಬ ಹುಡುಗ ಎದ್ದು ನಿಂತು, "ನಮ್ಮ ಓಣಿಯಾಗೂ ಹಂಗಿರೋರು ಅವ್ರೆ ಸಾ" ಅಂದ. ನಾನು ಅದಕ್ಕಿಂತ ಒಳ್ಳೆಯ ವಿವರಣೆಯನ್ನು ಯಾವ ಗೈಡಿನಲ್ಲೂ ಓದಿಲ್ಲ.

ಇದನ್ನು ಬರೆದ ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಮೇಷ್ಟರಾಗಿದ್ದರು, ಶಾಲಾ ಇನ್ಸ್‌ಪೆಕ್ಟರ್ ಆಗಿದ್ದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅಷ್ಟು ದೊಡ್ಡವರು ತಮಗೆ ಇಟ್ಟುಕೊಂಡ ಕಾವ್ಯನಾಮ "ಕವಿಶಿಷ್ಯ". ಮಕ್ಕಳಿಗೆ ಬರೆಯುವುದು ಚಿಕ್ಕ ಕೆಲಸ ಅಂತ ಅವರಿಗೆ ಯಾವತ್ತೂ ಅನ್ನಿಸಲಿಲ್ಲ.

ನನ್ನನ್ನು ಇವತ್ತು ಇಲ್ಲಿಗೆ ಕರೆದದ್ದು ಒಂದು ಪ್ರಶ್ನೆಯ ಕಾರಣಕ್ಕೆ. ಹೋದ ಸಲದ ಪೋಷಕರ ಸಭೆಯಲ್ಲಿ ಒಬ್ಬ ತಂದೆ ಕೇಳಿದರಂತೆ: "ಪದ್ಯ, ಕತೆ ಓದಿದ್ರೆ ನಮ್ಮ ಹುಡುಗನಿಗೆ ಏನು ಬರುತ್ತೆ? ಆ ಟೈಮಲ್ಲಿ ಗಣಿತ ಮಾಡಬಹುದಲ್ಲ?" ಇದು ನ್ಯಾಯವಾದ ಪ್ರಶ್ನೆ. ಮಳೆ ನಂಬಿ ಕಡ್ಲೆಕಾಯಿ ಬಿತ್ತುವವರು, ಸಾಲ ಮಾಡಿ ಬೋರ್ ಕೊರೆಸುವವರು ಮಗನ ಒಂದೊಂದು ಗಂಟೆಯನ್ನೂ ಲೆಕ್ಕ ಹಾಕಬೇಕಾಗುತ್ತದೆ. ಹಾಗಾಗಿ ಸುಮ್ನೆ "ಸಾಹಿತ್ಯ ಮನಸ್ಸನ್ನು ಅರಳಿಸುತ್ತದೆ" ಅಂತ ಹೇಳಿ ಜಾರಿಕೊಳ್ಳುವುದು ನನಗೆ ಇಷ್ಟವಿಲ್ಲ. ಮೂವತ್ತು ವರ್ಷ ಈ ಸೀಮೆಯ ಕ್ಲಾಸ್‌ರೂಮುಗಳಲ್ಲಿ ಕಂಡದ್ದನ್ನು ಹೇಳುತ್ತೇನೆ. ನೀವೇ ತೂಗಿ ನೋಡಿ.

ಮೊದಲಿಗೆ ಗೋವಿನ ಹಾಡು. ಪುಣ್ಯಕೋಟಿ ಅಂದರೆ ಸಾಕು, ಎಲ್ಲರಿಗೂ ಗೊತ್ತು. ಇದನ್ನು ನಾವು ಸಾಮಾನ್ಯವಾಗಿ "ಸತ್ಯ ಹೇಳಬೇಕು" ಅನ್ನುವ ನೀತಿಯ ಪಾಠ ಮಾಡಿ ಮುಗಿಸಿಬಿಡುತ್ತೇವೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಒಂದು ವರ್ಷ ಮಾತ್ರ ಏನೂ ಹೇಳದೆ, ಪೂರ್ತಿ ಹಾಡನ್ನು ಎರಡು ಸಲ ಎಲ್ಲರೂ ಸೇರಿ ಹಾಡಿ, ಪುಸ್ತಕ ಮುಚ್ಚಿ ಸುಮ್ಮನೆ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಕುರಿ ಕಾಯುವ ಮನೆಯ ಹುಡುಗ ಎದ್ದ. ಅದರ ಹಿಂದಿನ ತಿಂಗಳು ಅವರ ರೊಪ್ಪಕ್ಕೆ ಚಿರತೆ ನುಗ್ಗಿ ಮೂರು ಕುರಿ ಹೋಗಿದ್ದವು. ಅವನು ಹೇಳಿದ: "ಸಾ, ಹುಲಿ ಹಂಗೆಲ್ಲ ಸಾಯಲ್ಲ. ಮಾತು ಕೇಳಲ್ಲ ಅದು."

ಕ್ಲಾಸು ಗಲಾಟೆ ಆಯಿತು. ಒಬ್ಬಳು, "ಹುಲಿ ಸಾಯಬಾರದಿತ್ತು, ಅದಕ್ಕೂ ಹಸಿವಾಗಿತ್ತು" ಅಂದಳು. ಇನ್ನೊಬ್ಬ, "ಹಸು ವಾಪಸ್ ಬರಬಾರದಿತ್ತು, ಕರು ಚಿಕ್ಕದು" ಅಂದ. "ಮಾತು ಕೊಟ್ಟ ಮೇಲೆ?" ಅಂತ ಮತ್ತೊಬ್ಬ ಜಗಳಕ್ಕೆ ನಿಂತ. ಕುರಿಯವರ ಹುಡುಗ ತುಂಬಾ ಹೊತ್ತು ಸುಮ್ಮನಿದ್ದು, ಕೊನೆಗೆ ಒಂದು ಮಾತು ಹೇಳಿದ. "ನಮ್ಮ ಚಿರತೆಗೂ ಮರಿ ಇದ್ದವೇನೋ ಸಾ."

ನಾನು ಅವನಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಚಿರತೆಯ ಮೇಲೆ ಅವನ ಸಿಟ್ಟು ಹೋಗಿರಲೂ ಇಲ್ಲ. ಹೋಗಬೇಕೂ ಇಲ್ಲ, ಮೂರು ಕುರಿ ಅಂದರೆ ಆ ಮನೆಗೆ ದೊಡ್ಡ ಲುಕ್ಸಾನು. ಆದರೆ ಸಿಟ್ಟು ಇಟ್ಟುಕೊಂಡೇ ಆ ಕಡೆಯಿಂದಲೂ ಒಮ್ಮೆ ನೋಡಿದ. ಹದಿಮೂರು ವರ್ಷದ ಹುಡುಗನಿಗೆ ಇದನ್ನು ಬೇರೆ ಯಾವ ಪೀರಿಯಡ್ಡಿನಲ್ಲಿ ಕಲಿಸಲಿ, ಹೇಳಿ? ಆ ತಂದೆಗೆ ನನ್ನ ಉತ್ತರದಲ್ಲಿ ಅರ್ಧ ಇದೇ. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು ನಾಳೆ ಅಣ್ಣತಮ್ಮಂದಿರ ಜಮೀನು ಪಾಲಾಗುವಾಗ ಬೇಕು. ಮದುವೆಯಾದ ಮೇಲೆ ಬೇಕು. ಪಂಚಾಯ್ತಿ ಕಟ್ಟೆಯಲ್ಲಿ ಬೇಕು.

ಅದೇ ಹಾಡಿನ ಇನ್ನೊಂದು ಜಾಗ ಇದೆ. ಕರು ಕೇಳುತ್ತದೆ: "ಆರ ಮೊಲೆಯನು ಕುಡಿಯಲಮ್ಮ, ಆರ ಬಳಿಯಲಿ ಮಲಗಲಮ್ಮ, ಆರ ಸೇರಿ ಬದುಕಲಮ್ಮ, ಆರು ನನಗೆ ಹಿತವರು?" ಇಡೀ ಕ್ಲಾಸು ಹಾಡುತ್ತಿರುವಾಗ ಈ ಸಾಲಿಗೆ ಬಂದಾಗ ಪ್ರತಿ ವರ್ಷ ಒಂದೋ ಎರಡೋ ಮಕ್ಕಳು ಬಾಯಿ ಮುಚ್ಚುತ್ತಿದ್ದರು. ಯಾಕೆ ಅಂತ ಮೊದಮೊದಲು ಕೇಳುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟೆ. ತಾಯಿ ಇಲ್ಲದ ಮಗು, ತಾಯಿ ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಅಜ್ಜಿ ಹತ್ತಿರ ಬೆಳೆಯುತ್ತಿರುವ ಮಗು. ತನ್ನ ಒಳಗಿನ ಮಾತನ್ನು ಯಾರೋ, ಎಂದೋ, ಒಂದು ಕರುವಿನ ಬಾಯಲ್ಲಿ ಹೇಳಿಸಿಟ್ಟಿದ್ದಾರೆ ಅಂತ ಅದಕ್ಕೆ ಗೊತ್ತಾಗುತ್ತದೆ. ನಾವು ಮಧ್ಯೆ ಬಾಯಿ ಹಾಕಬಾರದು.

ಈಗ ಬೇರೆ ಕಡೆ ಹೋಗೋಣ. ಪದ್ಯ ಅಂದರೆ ಬರೀ ಅಳು, ಕರುಣೆ ಅಂತ ಅಂದುಕೊಳ್ಳಬೇಡಿ. ಅದರಲ್ಲಿ ಲೆಕ್ಕ ಇದೆ, ಆಟ ಇದೆ. ಗಣಿತ ಮಾಡಬಹುದಲ್ಲ ಅಂತ ಕೇಳಿದ ತಂದೆಗೆ ಇದು ಹಿಡಿಸಬಹುದು.

"ಆರ ಮೊಲೆಯನು ಕುಡಿಯ ಲಮ್ಮ". ಚಪ್ಪಾಳೆ ತಟ್ಟಿ ಎಣಿಸಿ. ಗಿಡ್ಡ ಅಕ್ಷರಕ್ಕೆ (ಅದು ಲಘು) ಒಂದು ಮಾತ್ರೆ, ಉದ್ದದ್ದಕ್ಕೂ ಒತ್ತಕ್ಷರದ ಹಿಂದಿನದಕ್ಕೂ (ಅದು ಗುರು) ಎರಡು. ಮೂರು, ನಾಲ್ಕು, ಮೂರು, ನಾಲ್ಕು. ಕೊನೆಯದನ್ನು ಹಾಡುವಾಗ ನಾವೇ ಸ್ವಲ್ಪ ಎಳೆದು ನಾಲ್ಕು ಮಾಡಿಕೊಳ್ಳುತ್ತೇವೆ. ಈಗ ಹೈಸ್ಕೂಲಿನಲ್ಲಿ ಮಕ್ಕಳು ಹೆದರುವ ಕುಮಾರವ್ಯಾಸನ ಹತ್ತಿರ ಬನ್ನಿ. ಅವನ ಪದ್ಯದ ಅಚ್ಚು ಭಾಮಿನಿ ಷಟ್ಪದಿ. ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ ಮೂರು ನಾಲ್ಕು ಮೂರು ನಾಲ್ಕು, ಒಟ್ಟು 14 ಮಾತ್ರೆ. ಮೂರು ಮತ್ತು ಆರನೇ ಸಾಲು ಉದ್ದ: ಮೂರು ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಪುಸ್ತಕದಲ್ಲಿ ಇದನ್ನು ನೋಡಿದರೆ ಮಗುವಿಗೆ ತಲೆನೋವು. ಆದರೆ ಆ ನಡೆ ಅದರ ಕಿವಿಯಲ್ಲಿ ಗೋವಿನ ಹಾಡಿನ ದಿನದಿಂದಲೇ ಇದೆ! ಚಪ್ಪಾಳೆ ತಟ್ಟಿ ತೋರಿಸಿದರೆ ಹಿಂದಿನ ಬೆಂಚಿನವರೂ ಪ್ರಸ್ತಾರ ಹಾಕುತ್ತಾರೆ, ಅಂದರೆ ಸಾಲಿನ ಲಘು ಗುರು ಗುರುತಿಸುತ್ತಾರೆ. ನಾನು ಇದನ್ನು ಕಂಡುಕೊಂಡದ್ದು ಕೆಲಸಕ್ಕೆ ಸೇರಿ ಹತ್ತು ವರ್ಷ ಆದ ಮೇಲೆ. ಅದಕ್ಕೆ ಮೊದಲು ನನ್ನ ಹತ್ತಿರ ಕಲಿತ ಮಕ್ಕಳಿಗೆ ಬರೀ ಲಘು ಗುರು ಚಿಹ್ನೆ ಬರೆಸಿದೆ ಅನ್ನುವ ಬೇಜಾರು ಇನ್ನೂ ಇದೆ.

ಕುಮಾರವ್ಯಾಸನ ಒಂದು ಒಗಟಿನ ಪದ್ಯ ಇದೆ. ಗಮನ ಕೊಟ್ಟು ಕೇಳಿ.

"ವೇದಪುರುಷನ ಸುತನ ಸುತನ ಸ-
ಹೋದರನ ಮೊಮ್ಮಗನ ಮಗನ ತ-
ಳೋದರಿಯ ಮಾತುಳನ ಮಾವನನತುಳ ಭುಜಬಲದಿ
ಕಾದು ಗೆಲಿದನನಣ್ಣನವ್ವೆಯ
ನಾದಿನಿಯ ಜಠರದಲಿ ಜನಿಸಿದ-
ನಾದಿ ಮೂರುತಿ ಸಲಹೊ ಗದುಗಿನ ವೀರನಾರಯಣ"

ಇದನ್ನು ಬೋರ್ಡಿನ ಮೇಲೆ ಬರೆದು, ಯಾರು ಇವರೆಲ್ಲ, ಹುಡುಕಿ ಅಂತ ಬಿಟ್ಟುಬಿಡಬೇಕು. ವೇದಪುರುಷ ಅಂದರೆ ನಾರಾಯಣ. ಅವನ ಮಗ ಬ್ರಹ್ಮ. ಬ್ರಹ್ಮನ ಮಗ ನಾರದ. ನಾರದನ ಸಹೋದರ ಮರೀಚಿ. ಮರೀಚಿಯ ಮೊಮ್ಮಗ ಇಂದ್ರ. ಇಂದ್ರನ ಮಗ ಅರ್ಜುನ. ಅರ್ಜುನನ ತಳೋದರಿ, ಅಂದರೆ ಹೆಂಡತಿ, ಸುಭದ್ರೆ. ಅವಳ ಮಾತುಳ, ಸೋದರಮಾವ, ಕಂಸ. ಕಂಸನ ಮಾವ ಜರಾಸಂಧ. ಜರಾಸಂಧನನ್ನು ತೋಳ್ಬಲದಿಂದ ಕಾದಿ ಗೆದ್ದವನು ಭೀಮ. ಭೀಮನ ಅಣ್ಣ ಧರ್ಮರಾಯ. ಅವನ ಅವ್ವ ಕುಂತಿ. ಕುಂತಿಯ ನಾದಿನಿ ದೇವಕಿ. ದೇವಕಿಯ ಹೊಟ್ಟೆಯಲ್ಲಿ ಹುಟ್ಟಿದವನು ಕೃಷ್ಣ.

ಈಗ ಮೊದಲಿಗೆ ಹೋಗಿ. ಶುರುವಾದದ್ದು ನಾರಾಯಣನಿಂದ. ಅಷ್ಟೆಲ್ಲ ನೆಂಟರ ಮನೆ ಸುತ್ತಿ ಬಂದು ನಿಂತದ್ದೂ ನಾರಾಯಣನ ಹತ್ತಿರವೇ! ಇದು ಗೊತ್ತಾದ ಗಳಿಗೆ ಮಕ್ಕಳ ಮುಖ ನೋಡಬೇಕು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬೋರ್ಡಿನ ಹತ್ತಿರ ಬಂದು ಚಾಕ್‌ಪೀಸಿನಲ್ಲಿ ಕೊನೆಯ ಹೆಸರಿನಿಂದ ಮೊದಲ ಹೆಸರಿಗೆ ಬಾಣ ಎಳೆದಳು. ಇಡೀ ಸಂಸಾರ ಒಂದು ಬಳೆಯ ಹಾಗೆ ಸುತ್ತಿಕೊಂಡಿತು. ಆರು ನೂರು ವರ್ಷದ ಹತ್ತಿರ ಹಿಂದೆ ಗದುಗಿನಲ್ಲಿ ಕೂತು ಒಬ್ಬ ಕವಿ ಮಾಡಿದ ಲೆಕ್ಕ ಅದು. ಬರೆದು ಅಳಿಸಿ ಮಾಡಿದ್ದೂ ಅಲ್ಲ. ಹಲಗೆ ಬಳಪ ಹಿಡಿಯದೆ ಹೇಳುವುದೇ ತನ್ನ ಅಗ್ಗಳಿಕೆ ಅಂತ ಅವನೇ ಹೇಳಿಕೊಂಡಿದ್ದಾನೆ.

ಈ ಒಗಟನ್ನು ಬಿಡಿಸುವುದರಲ್ಲಿ ನಮ್ಮ ಹಳ್ಳಿ ಮಕ್ಕಳು ಚುರುಕು. ಅವರಿಗೆ ಸೋದರಮಾವ ಯಾರು, ಚಿಕ್ಕಪ್ಪ ಯಾರು, ನಾದಿನಿ ಯಾರು, ಓರಗಿತ್ತಿ ಯಾರು ಅಂತ ಬೇರೆ ಬೇರೆ ಗೊತ್ತು. ಎಲ್ಲರಿಗೂ ಅಂಕಲ್, ಆಂಟಿ ಅನ್ನುವ ಮನೆಯ ಮಗುವಿಗೆ ಮೂರನೇ ಮೆಟ್ಟಿಲಲ್ಲೇ ದಾರಿ ತಪ್ಪುತ್ತದೆ. ಮಾತು ಹೋದರೆ ಅದರ ಜೊತೆಗೆ ಸಂಬಂಧದ ಗುರುತೂ ಹೋಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಲಾರಿ ಓಡಿಸುತ್ತಾನೆ. ಈರುಳ್ಳಿ ಲೋಡು ತಗೊಂಡು ಯಶವಂತಪುರಕ್ಕೆ ಹೋಗುತ್ತಾನೆ. ಹತ್ತನೇ ಕ್ಲಾಸಿನಲ್ಲಿ ಎರಡನೇ ಸಲಕ್ಕೆ ಪಾಸಾದವನು. ಹೋದ ವರ್ಷ ಹಿರಿಯೂರಿನ ಹೋಟೆಲಿನಲ್ಲಿ ಸಿಕ್ಕ. ರಾತ್ರಿ ನಿದ್ದೆ ಬಂದರೆ ಈ ವೇದಪುರುಷನ ಪದ್ಯವನ್ನು ಜೋರಾಗಿ ಹೇಳಿಕೊಳ್ಳುತ್ತಾನಂತೆ. ಹೊಸ ಕ್ಲೀನರ್ ಯಾರೇ ಬರಲಿ, ಅವರಿಗೆ ಒಗಟು ಹಾಕಿ ಬೆಂಗಳೂರು ಮುಟ್ಟುವುದರೊಳಗೆ ಬಿಡಿಸಬೇಕು ಅನ್ನುತ್ತಾನಂತೆ. ಅವನು ಪರೀಕ್ಷೆಯಲ್ಲಿ ಆ ಪದ್ಯಕ್ಕೆ ಎಷ್ಟು ಅಂಕ ತೆಗೆದನೋ ನನಗೂ ನೆನಪಿಲ್ಲ, ಅವನಿಗೂ ನೆನಪಿಲ್ಲ.

ಅಂಕದ ಮಾತು ಬಂತು. ನಾನು ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಎಸ್ಸೆಸ್ಸೆಲ್ಸಿಯ 625ರಲ್ಲಿ ಪ್ರಥಮ ಭಾಷೆಗೆ 125. ಅದಕ್ಕೆ ಕನ್ನಡ ಅಂದರೆ "ಸ್ಕೋರಿಂಗ್ ಸಬ್ಜೆಕ್ಟು". ಪದ್ಯಭಾಗ ಪೂರ್ಣಗೊಳಿಸಿ, ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ, ಸಾರಾಂಶ ಬರೆಯಿರಿ. ಡಿಸೆಂಬರ್ ಬಂತು ಅಂದರೆ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗುವಷ್ಟು ಪ್ರಶ್ನೋತ್ತರದ ಕಟ್ಟು, ಬರುತ್ತದೆ. ಸ್ವಾರಸ್ಯಕ್ಕೂ ರೆಡಿ ಉತ್ತರ ಇರುತ್ತದೆ. ಸ್ವಾರಸ್ಯ ಅಂದರೆ ರುಚಿ. ಊಟ ಮಾಡದವನಿಗೆ ರುಚಿ ಹೇಗಿತ್ತು ಅಂತ ಉರುಹೊಡೆಸಿದರೆ ಏನು ಬಂತು? ಮಗು ಪದ್ಯವನ್ನು ಒಮ್ಮೆಯೂ ಬಾಯಿಬಿಟ್ಟು ಓದಿರುವುದಿಲ್ಲ, ಸಾರಾಂಶ ಮಾತ್ರ ಬಾಯಿಗೆ ಬಂದಿರುತ್ತದೆ.

ನಾನು ಪರೀಕ್ಷೆ ಬೇಡ ಅನ್ನುತ್ತಿಲ್ಲ. ಈ ಮಕ್ಕಳಿಗೆ ಅಂಕ ಬೇಕು. ಆದರೆ ಪದ್ಯ ಮೊದಲು ಕಿವಿಗೆ ಬೀಳಲಿ, ಆಮೇಲೆ ಬಾಯಿಗೆ ಬರಲಿ, ಪ್ರಶ್ನೆ ಕೊನೆಗಿರಲಿ. ಎರಡು ದಿನ ಹಾಡಿದ ಪದ್ಯಕ್ಕೆ ಉತ್ತರ ಬರೆಯುವುದು ಸುಲಭ. ಇದನ್ನು ನಾನು ಹಿಂದುಳಿದವರು ಅಂತ ಪಟ್ಟಿ ಮಾಡಿ ಕೂರಿಸಿದ ಮಕ್ಕಳಲ್ಲೇ ನೋಡಿದ್ದೇನೆ. ಕಂಠಪಾಠವನ್ನು ಈಗ ಎಲ್ಲರೂ ಬೈಯುತ್ತಾರೆ. ನಾನು ಬೈಯುವುದಿಲ್ಲ. ಉತ್ತರದ ಕಂಠಪಾಠ ಬೇರೆ, ಪದ್ಯದ ಕಂಠಪಾಠ ಬೇರೆ. ಉತ್ತರ ಏಪ್ರಿಲ್‌ನಲ್ಲಿ ಹೊರಟುಹೋಗುತ್ತದೆ. ಪದ್ಯ ಇವತ್ತು ಅರ್ಥವಾಗದಿದ್ದರೂ ಒಳಗೆ ಕೂತಿರುತ್ತದೆ. ಬೇಕಾದ ದಿನ ಎದ್ದು ಬರುತ್ತದೆ.

ಕಿವಿಯ ವಿಷಯದಲ್ಲಿ ನಮ್ಮ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಬರುತ್ತಿದ್ದ ಹಾಡುಗಳು ಸಾವಿರಾರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ನಿಮ್ಮ ಮನೆಗಳಲ್ಲೂ ಗೊಲ್ಲರ ದೈವ ಜುಂಜಪ್ಪನ ಪದ, ಸೋಬಾನೆ ಪದ ಹೇಳುವ ಅಜ್ಜಿಯರಿದ್ದಾರೆ. ಮಕ್ಕಳಿಗೆ ಅವರ ಹತ್ತಿರ ಕೂರಲು ಹೇಳಿ. ಶಾಲೆಯ ಪದ್ಯಕ್ಕೂ ಹಟ್ಟಿಯ ಪದಕ್ಕೂ ನಡುವೆ ಗೋಡೆ ಇಲ್ಲ.

ಇನ್ನು ಇಲ್ಲೇ ಹತ್ತಿರದ ತಳುಕು. ಬಸ್ಸಿನಲ್ಲಿ ಎಷ್ಟೋ ಸಲ ದಾಟಿದ್ದೀರಿ. ಟಿ.ಎಸ್. ವೆಂಕಣ್ಣಯ್ಯನವರ ಊರು. ಅವರು ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರ ಶಿಷ್ಯ ಕುವೆಂಪು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷ ಆದ ಮೇಲೆ "ಶ್ರೀ ರಾಮಾಯಣ ದರ್ಶನಂ" ಪುಸ್ತಕವಾಗಿ ಬಂತು. ಕುವೆಂಪು ಅದನ್ನು ಅರ್ಪಿಸಿದ್ದು ತೀರಿಹೋದ ಆ ಮೇಷ್ಟರಿಗೆ. ಜ್ಞಾನಪೀಠ ಬಂದ ಆ ಮಹಾಕಾವ್ಯದ ಮೊದಲ ಪುಟಗಳಲ್ಲಿ ಇರುವುದು ನಮ್ಮ ಈ ಬಿಸಿಲು ಸೀಮೆಯ ಒಬ್ಬ ಮೇಷ್ಟರ ಹೆಸರು. ಈ ಸಭೆಯಲ್ಲಿ ಕೂತಿರುವ ಕನ್ನಡ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಇದನ್ನು ನೆನಪು ಮಾಡಬೇಕು ಅನ್ನಿಸಿತು.

ಇನ್ನೊಂದು ವಿಷಯ. ನಮ್ಮ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಉರ್ದು ಇದೆ, ಲಂಬಾಣಿ ಇದೆ. "ನಮ್ಮದು ಕನ್ನಡ ಅಲ್ಲ ಸಾ, ಅದಕ್ಕೇ ನನಗೆ ಪದ್ಯ ಬರಲ್ಲ" ಅಂತ ಹೇಳುವ ಮಗುವಿಗೆ ನಾನು ಈ ಹೆಸರುಗಳನ್ನು ಹೇಳುತ್ತಿದ್ದೆ. ಪಂಜೆಯವರ ಮನೆಮಾತು ಕೊಂಕಣಿ. ಬೇಂದ್ರೆಯವರದು ಮರಾಠಿ. ಮಾಸ್ತಿಯವರದು ತಮಿಳು. ನಿಸಾರ್ ಅಹಮದ್ ಅವರದು ಉರ್ದು. ಇವರಿಲ್ಲದೆ ಕನ್ನಡ ಸಾಹಿತ್ಯವೇ ಇಲ್ಲ. ಮನೆಯಲ್ಲಿ ಎರಡು ಭಾಷೆ ಕೇಳುವ ಮಗುವಿಗೆ ಕಿವಿ ಇನ್ನೂ ಸೂಕ್ಷ್ಮವಾಗಿರುತ್ತದೆ ಅಂತ ನನ್ನ ನಂಬಿಕೆ.

ಹಾಗೇ ಆಡುಮಾತು. "ಹಂಗೆ, ಹಿಂಗೆ, ಅವ್ನೆ, ಅವ್ಳೆ" ಅಂದರೆ ನಗುವವರು ಇದ್ದಾರೆ. ಊರಿನ ಮಾತಾಡಿದ್ದಕ್ಕೆ ಬೆಂಚಿನ ಮೇಲೆ ನಿಂತ ಮಕ್ಕಳನ್ನು ನೋಡಿದ್ದೇನೆ. ಆ ಮಗುವಿನ ಕೈಗೆ ಬೇಂದ್ರೆಯವರ ಧಾರವಾಡದ ಮಾತಿನ ಒಂದು ಪದ್ಯ ಕೊಡಿ. ನಂಜನಗೂಡು ಕಡೆಯ ಮಾತಿನಲ್ಲಿ ದೇವನೂರ ಮಹಾದೇವ ಬರೆದದ್ದನ್ನು ಕೊಡಿ. ಮನೆಯಲ್ಲಿ ಆಡುವ ಮಾತು ಅಚ್ಚಾಗಿ ಪುಸ್ತಕದಲ್ಲಿ ಇರುವುದನ್ನು ಕಂಡ ಮಗು ನೆಟ್ಟಗೆ ಕೂರುತ್ತದೆ. ಆಮೇಲೆ ಅದು ಶಿಷ್ಟ ಕನ್ನಡವನ್ನೂ ಹೆದರಿಕೆ ಇಲ್ಲದೆ ಕಲಿಯುತ್ತದೆ.

ಕತೆ, ಕಾದಂಬರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಉದಾಹರಣೆ. ಯಾವ ಪಾಠಕ್ಕೂ ಬಗ್ಗದ, ದಿನಾ ಓತಿಕ್ಯಾತ ಹಿಡಿಯುತ್ತಾ ತಿರುಗುವ ಒಬ್ಬ ಹುಡುಗನಿದ್ದ. ಅವನಿಗೆ ತೇಜಸ್ವಿಯವರ "ಕರ್ವಾಲೊ" ಕೊಟ್ಟು, ಇದರಲ್ಲಿ ಹಾರುವ ಓತಿ ಇದೆ ಕಣೋ ಅಂದೆ, ಅಷ್ಟೇ. ನಾಲ್ಕು ದಿನ ಕ್ಲಾಸಿನಲ್ಲಿ ಡೆಸ್ಕಿನ ಕೆಳಗೆ ಇಟ್ಟುಕೊಂಡು ಓದಿದ. ಬೇರೆ ಮೇಷ್ಟ್ರು ದೂರು ಹೇಳಿದರು. ಪುಸ್ತಕ ಕಿತ್ತುಕೊಳ್ಳಬೇಡಿ ಅಂತ ಅವರನ್ನು ಬೇಡಿಕೊಂಡೆ. ಮಗುವಿನ ಆಸೆ ಯಾವ ಕಡೆ ಇದೆಯೋ ಆ ಕಡೆಯ ಪುಸ್ತಕ ಕೊಡಬೇಕು. ಎಲ್ಲರಿಗೂ ಒಂದೇ ಪುಸ್ತಕ ಹಿಡಿಸುವುದಿಲ್ಲ.

ಮೊಬೈಲ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮೊಬೈಲ್ ಬೈದು ಪ್ರಯೋಜನವಿಲ್ಲ. ಮನೆಯಲ್ಲಿ ಬೇರೆ ಏನೂ ಇಲ್ಲದಿದ್ದರೆ ಮಗು ಅದನ್ನೇ ಹಿಡಿಯುತ್ತದೆ. ಪಕ್ಕದಲ್ಲಿ ಒಂದು ಪುಸ್ತಕ ಇರಲಿ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಮಗು ಜೋರಾಗಿ ಓದಲಿ, ನೀವು ಕೇಳಿ. ನಿಮಗೆ ಓದು ಬರದಿದ್ದರೂ ಪರವಾಗಿಲ್ಲ. ಕೇಳುವುದಕ್ಕೆ ಬರುತ್ತದಲ್ಲ. ಅವ್ವ ಕೇಳುತ್ತಾಳೆ ಅಂತ ಗೊತ್ತಾದರೆ ಮಗು ಸ್ಪಷ್ಟವಾಗಿ ಓದುತ್ತದೆ.

ಪುಸ್ತಕ ಎಲ್ಲಿಂದ ತರೋದು? ಗ್ರಾಮ ಪಂಚಾಯ್ತಿಯ ಗ್ರಂಥಾಲಯ ಇದೆ. ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ "ಓದುವ ಬೆಳಕು" ಅಂತ ಕಾರ್ಯಕ್ರಮ ಶುರುವಾದಾಗ ಮಕ್ಕಳಿಗೆ ಅಲ್ಲಿ ದುಡ್ಡಿಲ್ಲದೆ ಸದಸ್ಯತ್ವ ಕೊಟ್ಟರು. ನಿಮ್ಮ ಮಗುವಿನ ಹೆಸರು ಇದೆಯಾ, ಒಮ್ಮೆ ಹೋಗಿ ನೋಡಿ. ಗ್ರಂಥಪಾಲಕರನ್ನು ಮಾತಾಡಿಸಿ. ಕೇಳುವವರು ಬಂದರೆ ಅವರಿಗೂ ಉತ್ಸಾಹ ಬರುತ್ತದೆ.

ಕೊನೆಗೆ ಶಾಲೆಯ ಬೀರು. ಇದನ್ನು ಸ್ವಲ್ಪ ನೋವಿನಿಂದಲೇ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಆಫೀಸ್ ರೂಮಿನ ಮೂಲೆಯಲ್ಲಿ ಕಬ್ಬಿಣದ ಬೀರು ಇತ್ತು. ಅದರ ತುಂಬಾ ಪುಸ್ತಕ. ಒಳ್ಳೊಳ್ಳೆಯ ಪುಸ್ತಕ. ಬೀಗ ಹಾಕಿತ್ತು. ಕೇಳಿದರೆ, ಸ್ಟಾಕ್ ರಿಜಿಸ್ಟರಿನಲ್ಲಿ ಇದ್ದಾವೆ, ಒಂದು ಕಳೆದರೂ ತನಿಖೆ ಬಂದಾಗ ನಾವು ಕಟ್ಟಿಕೊಡಬೇಕು ಅನ್ನುತ್ತಿದ್ದರು. ಅವರ ಹೆದರಿಕೆಯಲ್ಲೂ ಸುಳ್ಳಿಲ್ಲ. ಆದರೆ ಬೀಗ ತೆಗೆದ ದಿನ ನೋಡಿದರೆ ಕೆಳಗಿನ ಅರೆಯ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಮಕ್ಕಳ ಪದ್ಯದ ಪುಸ್ತಕವೊಂದನ್ನು ಎತ್ತಿಕೊಂಡೆ. ಮೇಲಿನ ರಟ್ಟು ಹೊಸದಾಗಿತ್ತು. ತೆಗೆದರೆ ಒಳಗೆ ಮಣ್ಣು. ರಿಜಿಸ್ಟರಿನಲ್ಲಿ ಮಾತ್ರ ಆ ಪುಸ್ತಕ ಚೆನ್ನಾಗಿಯೇ ಇತ್ತು.

ಆ ವರ್ಷ ಬೀಗದ ಕೈಯನ್ನು ಒಂಬತ್ತನೇ ಕ್ಲಾಸಿನ ಮಕ್ಕಳ ಕೈಗೆ ಕೊಟ್ಟೆವು. ಅವರೇ ಒಂದು ನೋಟ್‌ಬುಕ್ ಇಟ್ಟರು. ಯಾರು ತಗೊಂಡರು, ಯಾವಾಗ ತಂದರು, ಹೇಗಿತ್ತು ಅಂತ ಒಂದು ಸಾಲು. "ಚೆನ್ನಾಗಿದೆ", "ಅಳು ಬಂತು", "ಅರ್ಥ ಆಗಲಿಲ್ಲ, ಇನ್ನೊಂದ್ಸಲ ತಗೋತೀನಿ". ವರ್ಷದ ಕೊನೆಗೆ ಏಳು ಪುಸ್ತಕ ಕಡಿಮೆ ಬಂದವು. ಮೇಷ್ಟ್ರುಗಳೆಲ್ಲ ಸೇರಿ ದುಡ್ಡು ಹಾಕಿ ತಂದಿಟ್ಟೆವು. ಆ ಏಳು ಪುಸ್ತಕ ಯಾವುದೋ ಮನೆಯ ಗೂಡಿನಲ್ಲಿ ಇರುತ್ತವೆ. ಅಲ್ಲಿ ಯಾರಾದರೂ ಒಬ್ಬರು ತೆಗೆದು ನೋಡುತ್ತಾರೆ.

ಹೆಡ್‌ಮಾಸ್ಟ್ರೇ, ನಿಮ್ಮ ಆಫೀಸ್ ರೂಮಿನಲ್ಲೂ ಬೀರು ನೋಡಿದೆ. ನಾಳೆ ಬೆಳಗ್ಗೆ ಪ್ರಾರ್ಥನೆ ಆದ ಮೇಲೆ ಅದನ್ನು ಮಕ್ಕಳ ಮುಂದೆ ತೆಗೆಸಿ. ನಾನು ಐದು ಪುಸ್ತಕ ತಂದಿದ್ದೇನೆ, ಮೂರು ಪದ್ಯದವು, ಎರಡು ಕತೆಯವು. ಹಿಂದಿನ ಬೆಂಚಿನ ಮೇಲೆ ಇಟ್ಟಿದ್ದೇನೆ. ಹೋಗುವಾಗ ಯಾರಿಗೆ ಬೇಕೋ ಅವರು ತಗೊಳ್ಳಲಿ. ದಯವಿಟ್ಟು ಇವನ್ನು ರಿಜಿಸ್ಟರಿಗೆ ಏರಿಸಬೇಡಿ.